ಗೋಧಿಗೆ 9 ಇಂಚು ಎಂದು ನಿಗದಿ ಮಾಡಿದವರು ಯಾರು?

ಹಿಂಗಾರಿ ಬಿತ್ತನೆ ಹತ್ತಿರವಾಯಿತೆಂದರೆ ರೈತರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಗೋಧಿಗೆ ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕು? ಒಬ್ಬರು 9 ಇಂಚು ಎನ್ನುತ್ತಾರೆ, ಇನ್ನೊಬ್ಬರು 6 ಎನ್ನುತ್ತಾರೆ. ಮತ್ತೊಬ್ಬರು ಬಿಹಾರದ ವಿಡಿಯೊ ಕಳಿಸಿ, ಅಡಿಗೆ ಒಂದೂವರೆ ಗುಣಿಯಂತೆ ಎರಡೆರಡು ಕಾಳು ಊರಿದರೆ ಸಾಕು, ಎಕರೆಗೆ 10 ಕಿಲೊ ಬೀಜದಲ್ಲಿ ಕೆಲಸ ಮುಗಿಯುತ್ತದೆ ಎನ್ನುತ್ತಾರೆ. ನಿಮ್ಮದು ನೀರಾವರಿಯೋ ಒಣಬೇಸಾಯವೋ, ಬಿತ್ತುವುದು ಯಾವ ವಾರ ಎಂದು ಮಾತ್ರ ಯಾರೂ ತಿರುಗಿ ಕೇಳುವುದಿಲ್ಲ. ಇವೆರಡೂ ಗೊತ್ತಿಲ್ಲದೆ ಇಂಚು ಹೇಳುವುದು ಮೈ ಅಳತೆ ತೆಗೆಯದೆ ಅಂಗಿ ಹೊಲಿದಂತೆ.

ಲೆಕ್ಕದಿಂದ ಶುರು ಮಾಡೋಣ. ಎಕರೆಗೆ 40 ಕಿಲೊ, ಅಂದರೆ ಹೆಕ್ಟೇರಿಗೆ 100 ಕಿಲೊ ಬೀಜ ಹಾಕುತ್ತೀರಿ. ಸಾವಿರ ಕಾಳಿನ ತೂಕ 40 ಗ್ರಾಂ ಎಂದುಕೊಂಡರೆ ಒಂದು ಚದರ ಮೀಟರಿಗೆ 250 ಕಾಳು ಬೀಳುತ್ತವೆ. ಸಾಲಿನ ಅಂತರ 9 ಇಂಚು ಇದ್ದರೆ ಸಾಲಿನೊಳಗೆ ಕಾಳಿಂದ ಕಾಳಿಗೆ 2 ಸೆಂಟಿಮೀಟರೂ ಸಿಗುವುದಿಲ್ಲ. 12 ಇಂಚು ಮಾಡಿದರೆ ಅದು 1.3 ಸೆಂಟಿಮೀಟರಿಗೆ ಇಳಿಯುತ್ತದೆ, 6 ಇಂಚು ಮಾಡಿದರೆ 2.6ಕ್ಕೆ ಏರುತ್ತದೆ. ಬೀಜದ ಪ್ರಮಾಣ ಬದಲಿಸದೆ ಸಾಲು ಮಾತ್ರ ಅಗಲಿಸಿದವನು ಗಿಡಕ್ಕೆ ಜಾಗ ಕೊಟ್ಟೆನೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ನಿಜದಲ್ಲಿ ಅಲ್ಲಿ ಗಿಡಗಳು ಒಂದಕ್ಕೊಂದು ಇನ್ನಷ್ಟು ಒತ್ತಿಕೊಂಡು ನಿಂತಿರುತ್ತವೆ, ಪಕ್ಕದಲ್ಲಿ ಖಾಲಿ ನೆಲ ಬಿಸಿಲು ಕುಡಿಯುತ್ತಿರುತ್ತದೆ.

ಹಾಗಿದ್ದರೂ 6, 9, 12 ಇಂಚುಗಳಲ್ಲಿ ಇಳುವರಿ ಕೆಲವೊಮ್ಮೆ ಹೆಚ್ಚುಕಡಿಮೆ ಒಂದೇ ಬರುವುದಕ್ಕೆ ಕಾರಣ ತೆಂಡೆ, ಅಂದರೆ ಗಿಡದ ಬುಡದಲ್ಲಿ ಒಡೆಯುವ ಮರಿಕಾಂಡ. ಜಾಗ, ನೀರು, ತಂಪು ಮೂರೂ ಸಿಕ್ಕರೆ ಗೋಧಿ ಬುಡದಿಂದ ತೆಂಡೆ ಒಡೆದು ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಆದರೆ ಅದಕ್ಕೆ ಕಾಲಾವಕಾಶ ಬೇಕು. ಅಮೆರಿಕದ ಕಾನ್ಸಸ್‌ನಲ್ಲಿ ಚಳಿಗಾಲದ ಗೋಧಿಯನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ ಜೂನಿನಲ್ಲಿ ಕೊಯ್ಯುತ್ತಾರೆ. ನಡುವೆ ಹಿಮ, ಕೊರೆವ ಚಳಿ; ಆ ಚಳಿ ತಾಗದಿದ್ದರೆ ಆ ತಳಿಗಳು ಸರಿಯಾಗಿ ತೆನೆಯನ್ನೇ ಬಿಡುವುದಿಲ್ಲ. ಪಂಜಾಬಿನಲ್ಲಿ ಬೆಳೆ ಐದು ತಿಂಗಳ ಹತ್ತಿರ ನೆಲದಲ್ಲಿರುತ್ತದೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಗೋಧಿಗೆ ಸಿಗುವುದು ಮೂರೂವರೆ ತಿಂಗಳು. ಚಳಿ ಎನ್ನಿಸಿಕೊಳ್ಳುವ ಚಳಿ ಡಿಸೆಂಬರ್, ಜನವರಿಯಲ್ಲಿ ಬಂದು ಹೋಗುತ್ತದೆ, ಫೆಬ್ರವರಿಯ ಬಿಸಿಲಿಗೆ ಕಾಳು ಸೊರಗಲು ಶುರುವಾಗುತ್ತದೆ. ಕರ್ನಾಟಕದ ಸರಾಸರಿ ಇಳುವರಿ ಪಂಜಾಬಿನ ಮೂರನೇ ಒಂದರಷ್ಟೂ ಇಲ್ಲದಿರುವುದಕ್ಕೆ ನಮ್ಮ ರೈತರನ್ನು ಬೈಯುವವರು ಮೊದಲು ಥರ್ಮಾಮೀಟರ್ ನೋಡಲಿ.

ಹೀಗಾಗಿ ಸಾಲಿನ ಅಂತರದ ಪ್ರಶ್ನೆ ನಮಗೆ ಅವರಿಗಿಂತ ಹೆಚ್ಚು ಮುಖ್ಯ, ಅದರಲ್ಲೂ ಬಿತ್ತನೆ ತಡವಾದಾಗ. ಸೋಯಾಬೀನ್ ಅಥವಾ ಗೋವಿನಜೋಳ ತೆಗೆದು, ಹೊಲ ಹದಕ್ಕೆ ತರುವಷ್ಟರಲ್ಲಿ ನವೆಂಬರ್ ಜಾರಿಹೋಗಿರುತ್ತದೆ. ಡಿಸೆಂಬರಿನಲ್ಲಿ ಬಿತ್ತಿದ ಗೋಧಿಗೆ ತೆಂಡೆ ಒಡೆಯಲು ಪುರುಸೊತ್ತಿಲ್ಲ, ತಾಯಿ ಕಾಂಡದ ತೆನೆಯೇ ಗತಿ. ಅಲ್ಲಿ ಸಾಲನ್ನು 6ರಿಂದ 7 ಇಂಚಿಗೆ ಇಳಿಸಿ, ಬೀಜವನ್ನು ಎಕರೆಗೆ 50 ಕಿಲೊಗೆ ಏರಿಸುವುದು ಸರಿಯಾದ ಕ್ರಮ. ಎಲೆ ಬೇಗ ನೆಲ ಮುಚ್ಚುತ್ತದೆ, ಕಳೆಗೆ ಬೆಳಕು ಸಿಗುವುದಿಲ್ಲ. ಪಂಜಾಬ್, ಹರಿಯಾಣದಲ್ಲಿ ಗುಲ್ಲಿ ದಂಡಾ ಎಂಬ ಕಳೆ ಕಳೆನಾಶಕಕ್ಕೂ ಜಗ್ಗದಿದ್ದಾಗ ಅಲ್ಲಿನ ವಿಜ್ಞಾನಿಗಳು ಸಾಲು ಹತ್ತಿರ ಮಾಡಿ ಎಂದದ್ದು ಇದೇ ಕಾರಣಕ್ಕೆ. ಹಾಗೆಂದು ಹಳೆಯ ಎತ್ತರದ ಜವೆ ಗೋಧಿಯನ್ನು ನೀರಾವರಿಯಲ್ಲಿ ಒತ್ತಾಗಿ ಬಿತ್ತಬೇಡಿ. ಕಾಂಡ ಸಣ್ಣಗಾಗಿ ಒಂದು ಗಾಳಿಗೆ ಮಲಗಿಬಿಡುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, 1029ರಂಥ ಗಿಡ್ಡ ತಳಿಗಳಿಗೆ ಆ ಭಯ ಕಡಿಮೆ.

ಕಪ್ಪು ಮಣ್ಣಿನ ಎರೆ ಭೂಮಿಯ ಒಣಬೇಸಾಯದ ಕಥೆ ಪೂರ್ತಿ ಉಲ್ಟಾ. ಅಲ್ಲಿ ಬೆಳೆ ಬದುಕುವುದು ಮಳೆ ನೆಲದಲ್ಲಿ ಬಿಟ್ಟುಹೋದ ಹಸಿಯ ಮೇಲೆ. ಒತ್ತಾಗಿ ಬಿತ್ತಿದ ಬೆಳೆ ಡಿಸೆಂಬರಿನಲ್ಲಿ ಕಣ್ಣಿಗೆ ಹಬ್ಬ, ಆದರೆ ಆ ಹಸಿರೆಲ್ಲ ಸೇರಿ ನೀರನ್ನು ಬೇಗ ಕುಡಿದು ಮುಗಿಸುತ್ತದೆ. ತೆನೆ ಕಾಳು ಕಟ್ಟುವಾಗ ನೆಲದಲ್ಲಿ ಏನೂ ಉಳಿದಿರುವುದಿಲ್ಲ. ಬೀಜವನ್ನೂ ತಗ್ಗಿಸಿ ಸಾಲನ್ನು 12 ಇಂಚಿಗೆ ಬಿಟ್ಟರೆ ಸಾಲುಗಳ ನಡುವಿನ ಹಸಿ ಬೇರಿಗೆ ತಡವಾಗಿ ಸಿಗುತ್ತದೆ, ಸಿಗಬೇಕಾದದ್ದೂ ತಡವಾಗಿಯೇ. ಜೊತೆಗೆ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ ಹಾಯುತ್ತದೆ. ಎರೆಯಲ್ಲಿ ಎಡೆ ಹೊಡೆಯುವುದೆಂದರೆ ಬರೀ ಕಳೆ ತೆಗೆಯುವುದಲ್ಲ, ಬಾಯಿಬಿಟ್ಟ ಬಿರುಕನ್ನು ಮುಚ್ಚಿ ಆವಿಯನ್ನು ತಡೆಯುವುದು.

ನನಗೆ ಸಿಟ್ಟು ಬರುವುದು ಮುಂದಿನ ವಿಷಯಕ್ಕೆ. ಬೀಜ ಬಿತ್ತುವ ಮರದ ಕೂರಿಗೆಯ ಕಾಲದಲ್ಲಿ ದಿಂಡಿಗೆ ತೂತು ಕೊರೆಯುವ ಬಡಿಗೇರರಿಗೆ ರೈತನೇ ಅಳತೆ ಹೇಳುತ್ತಿದ್ದ. ಜೋಳದ ಕೂರಿಗೆ ಬೇರೆ, ಗೋಧಿಯ ಕೂರಿಗೆ ಬೇರೆ. ಈಗ ಬಾಡಿಗೆಗೆ ಬರುವ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಸಾಲು ಕೊರೆಯುವ ತಾಳುಗಳನ್ನು 9 ಇಂಚಿಗೆ ಬಿಗಿದುಬಿಟ್ಟಿರುತ್ತಾರೆ. ಅವುಗಳನ್ನು ಚೌಕಟ್ಟಿಗೆ ಹಿಡಿದಿರುವುದು ಬರೀ ನಟ್ಟು ಬೋಲ್ಟು, ಸಡಿಲಿಸಿ ಸರಿಸಬಹುದು. ಸರಿಸಪ್ಪಾ ಎಂದರೆ ಚಾಲಕ ಗಡಿಯಾರ ತೋರಿಸುತ್ತಾನೆ, ಅವನಿಗೆ ಸಂಜೆಯೊಳಗೆ ಇನ್ನೂ ನಾಲ್ಕು ಹೊಲ ಬಾಕಿ. ನೀರಾವರಿಯ ಸಕಾಲದ ಬಿತ್ತನೆಗೆ 9 ಇಂಚು ಒಳ್ಳೆಯ ಅಳತೆಯೇ, ಅದರಲ್ಲಿ ತಕರಾರಿಲ್ಲ. ಅದೇ ಯಂತ್ರ ಅದೇ ಅಳತೆಯಲ್ಲಿ ನವಲಗುಂದದ ಎರೆಗೂ, ಕಾಲುವೆ ಕೆಳಗಿನ ಡಿಸೆಂಬರ್ ಬಿತ್ತನೆಗೂ ನುಗ್ಗುವುದು ನನ್ನ ತಕರಾರು. ಸಹಾಯಧನ ಕೊಟ್ಟು ಯಂತ್ರ ಹಂಚುವವರು ಒಂದು ಸ್ಪ್ಯಾನರ್ ಮತ್ತು ಅರ್ಧ ದಿನದ ತರಬೇತಿಯನ್ನೂ ಕೊಡಬಾರದೇ?

ಬಿಹಾರದ ಗುಣಿ ಪದ್ಧತಿಯ ಬಗ್ಗೆ ಕೇಳಿದವರಿಗೆ: ಅರ್ಧ ಎಕರೆ, ಮನೆಮಂದಿಯ ದುಡಿಮೆ, ನೀರು ಇದ್ದರೆ ಮಾಡಿ ನೋಡಿ. ಹತ್ತು ಎಕರೆಗೆ ಆಳು ಎಲ್ಲಿಂದ ತರುತ್ತೀರಿ?

ಈ ಸಲ ಯಾರಾದರೂ ಒಂದೇ ಹೊಲದಲ್ಲಿ, ಒಂದೇ ದಿನ, ಎರಡು ಅಳತೆಯಲ್ಲಿ ಪಟ್ಟೆ ಬಿಟ್ಟು ಬಿತ್ತುವವರಿದ್ದರೆ ಕೆಳಗೆ ಬರೆಯಿರಿ. ಮಣ್ಣು, ಬಿತ್ತಿದ ತಾರೀಖು, ಎಕರೆಗೆ ಬೀಜ ಎಷ್ಟು, ನೀರು ಎಷ್ಟು ಸಲ ಕೊಟ್ಟಿರಿ ಎಂಬುದನ್ನೂ ಸೇರಿಸಿ. ಎರಡು ಪಟ್ಟೆಯ ರಾಶಿಯನ್ನು ಬೇರೆ ಬೇರೆ ತೂಗಿ, ಬೆರೆಸಿಬಿಡಬೇಡಿ.