ನಡೆದಾಡುವ ಚುಕ್ಕಿ

ಹೊಸ ಲ್ಯಾಪ್‌ಟಾಪ್ ಹೇಗಿದೆ ಅಂತ ಕೇಳುವವರಿಗೆ ನಿಜವಾಗಿ ಉತ್ತರ ಬೇಕಿರುವುದಿಲ್ಲ. ನಾನು ‘ಚೆನ್ನಾಗಿದೆ’ ಅನ್ನುವಷ್ಟರಲ್ಲಿ ಅವರು ತಮ್ಮ ಲ್ಯಾಪ್‌ಟಾಪಿನ ಕತೆ ಶುರು ಮಾಡಿರುತ್ತಾರೆ. ಮೂರು ವಾರದಿಂದ ಹೀಗೇ ‘ಚೆನ್ನಾಗಿದೆ, ಚೆನ್ನಾಗಿದೆ’ ಅಂತ ಹೇಳಿ ಹೇಳಿ ನನಗೇ ಬೇಜಾರಾಗಿದೆ. ಇವತ್ತು ಪೂರ್ತಿ ಹೇಳಿಬಿಡೋಣ ಅಂತ ಕೂತಿದ್ದೇನೆ. ಬರವಣಿಗೆಯಲ್ಲಾದರೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ, ಅಲ್ವಾ.

ನನಗೆ ಇದರ ಆಸೆ ಹಚ್ಚಿದವನು ಅಕ್ಕನ ಮಗ. ವಯಸ್ಸು ಹತ್ತೊಂಬತ್ತು. ನನ್ನ ಹಳೇ ಲ್ಯಾಪ್‌ಟಾಪ್ ನೋಡಿದಾಗಲೆಲ್ಲ ಅವನ ಮುಖದಲ್ಲಿ ಆಸ್ಪತ್ರೆಗೆ ರೋಗಿ ನೋಡಲು ಬಂದವರ ಕಳೆ. “ಮಾಮ, ಇದರಲ್ಲಿ ಪಿಕ್ಸೆಲ್ ಒಂದೊಂದಾಗಿ ಎಣಿಸಬಹುದು” ಅನ್ನುತ್ತಿದ್ದ. ಎಣಿಸಬಹುದಿತ್ತು, ನಿಜ. ಹದಿನೈದೂವರೆ ಇಂಚಿಗೆ ಸ್ವಲ್ಪ ಮೇಲಿದ್ದ ಆ ಪರದೆಯಲ್ಲಿ 1366×768 ಚುಕ್ಕಿಗಳು. ಒಂದು ಮಿಲಿಮೀಟರಿಗೆ ನಾಲ್ಕು. ಎಣಿಸಬೇಕು ಅಂತ ನನಗೆ ಮಾತ್ರ ಯಾವತ್ತೂ ಅನ್ನಿಸಿರಲಿಲ್ಲ.

ಹೊಸದು ಹದಿನಾಲ್ಕು ಇಂಚಿನದು, 2880×1800. ಗುಣಿಸಿ ನೋಡಿದೆ. 51,84,000 ಚುಕ್ಕಿ. ಹಳೆಯದರಲ್ಲಿ ಇದ್ದದ್ದು 10,49,088. ಹತ್ತಿರ ಹತ್ತಿರ ಐದು ಪಟ್ಟು! ಒಂದೊಂದು ಚುಕ್ಕಿಯೊಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ತುಣುಕು. ಅವನ್ನೂ ಲೆಕ್ಕಕ್ಕೆ ಹಿಡಿದರೆ ಒಂದೂವರೆ ಕೋಟಿ ದಾಟುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಯಾವುದಕ್ಕೂ ನಾನು ಈ ಮುಂಚೆ ಮಾಲೀಕನಾಗಿರಲಿಲ್ಲ.

ಪೆಟ್ಟಿಗೆ ಒಡೆದು ಆನ್ ಮಾಡಿದ್ದೂ ಅವನೇ. ಸೆಟ್ಟಿಂಗಿಗೆ ಹೋಗಿ ಏನೋ ಒತ್ತಿದ. ಪರದೆಯ ಮೇಲಿದ್ದದ್ದೆಲ್ಲ ಒಂದೇ ಸಲ ಕುಗ್ಗಿ ಮೂಲೆ ಸೇರಿತು. “ನೂರು ಪರ್ಸೆಂಟಿಗೆ ಇಟ್ಟಿದ್ದೀನಿ ಮಾಮ. ಇಲ್ಲಾಂದ್ರೆ ಇಷ್ಟು ಪಿಕ್ಸೆಲ್ ತಗೊಂಡು ಏನು ಪ್ರಯೋಜನ?” ಅಂದ. ನೋಡಿದೆ. ಮೆನುಗಳು ಇರುವೆ ಸಾಲಿನ ಹಾಗಿದ್ದವು. ಹಳೇ ಪರದೆಯಲ್ಲಿ ನಾಲ್ಕು ಮಿಲಿಮೀಟರ್ ಇದ್ದ ಪುಟ್ಟ ಚಿತ್ರಗಳು ಇಲ್ಲಿ ಎರಡು ಮಿಲಿಮೀಟರೂ ಇಲ್ಲ. ಮೌಸಿನ ಬಾಣ ಎಲ್ಲಿದೆ ಅಂತ ಹುಡುಕಲು ಮೌಸನ್ನು ರಪರಪ ಅಲ್ಲಾಡಿಸಬೇಕು.

“ಕಾಣಿಸ್ತಿದೆಯಾ?” ಅಂತ ಕೇಳಿದ.

“ಓ, ಚೆನ್ನಾಗಿ” ಅಂದೆ. ಮರ್ಯಾದೆ ಪ್ರಶ್ನೆ.

ಅವನು ಗೇಟು ದಾಟುವುದನ್ನೇ ಕಾದಿದ್ದು ಸೆಟ್ಟಿಂಗ್ ತೆಗೆದೆ. ಇನ್ನೂರು ಪರ್ಸೆಂಟಿನ ಪಕ್ಕದಲ್ಲಿ ಕಂಪನಿಯವರೇ ‘ಶಿಫಾರಸು’ ಅಂತ ಬರೆದಿದ್ದರು. ನನ್ನಂಥವರು ಬಹಳ ಜನ ಇರಬೇಕು. ಒತ್ತಿದೆ. ಜಗತ್ತು ಮತ್ತೆ ಓದುವ ಹಾಗಾಯಿತು. ಆಮೇಲೆ ಸುಮ್ನೆ ಇರಲಾರದೆ ಲೆಕ್ಕ ಹಾಕಿದೆ. ಇನ್ನೂರು ಪರ್ಸೆಂಟ್ ಅಂದರೆ ಎರಡು ಚುಕ್ಕಿ ಅಗಲ, ಎರಡು ಚುಕ್ಕಿ ಎತ್ತರ ಸೇರಿ ಒಂದು. ಅಲ್ಲಿಗೆ ನನ್ನ 2880×1800 ಪರದೆ ಕೆಲಸದ ಜಾಗದ ಲೆಕ್ಕದಲ್ಲಿ 1440×900. ಹಳೆಯದು 1366×768. ಐದು ಪಟ್ಟು ಚುಕ್ಕಿ ಕೊಂಡು ನಾನು ಗಳಿಸಿದ ಹೊಸ ಜಾಗ ಅಡ್ಡಕ್ಕೆ 74, ಉದ್ದಕ್ಕೆ 132! ಉಳಿದ ಚುಕ್ಕಿಗಳೆಲ್ಲ ಅಕ್ಷರಗಳ ಅಂಚು ನುಣುಪು ಮಾಡುವ ಕೆಲಸಕ್ಕೆ ಹೋಗಿವೆ. ಅಕ್ಕನ ಮಗನಿಗೆ ಇನ್ನೂ ಹೇಳಿಲ್ಲ.

ಅಂದಹಾಗೆ ಈ 2880×1800 ಏನೂ ಹೊಸದಲ್ಲ. ಆಪಲ್‌ನವರು 2012ರಲ್ಲೇ ತಮ್ಮ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಇಷ್ಟೇ ಚುಕ್ಕಿ ಕೊಟ್ಟಿದ್ದರು. ನಾನು ಹಳೆಯದನ್ನು ಕೊಳ್ಳುವಾಗಲೇ ಇದು ಹಳೇ ಸುದ್ದಿ. ಅಕ್ಕಪಕ್ಕದ ಚುಕ್ಕಿಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಾಣಿಸದಷ್ಟು ದಟ್ಟವಾಗಿದ್ದರೆ ಸಾಕು ಅನ್ನುವುದು ರೆಟಿನಾದ ಹಿಂದಿನ ಲೆಕ್ಕ. ಅರ್ಧ ಮೀಟರ್ ದೂರದಲ್ಲಿ ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲದ್ದು ಒಂದು ಮಿಲಿಮೀಟರಿನ ಏಳನೇ ಒಂದು ಭಾಗದವರೆಗೆ. ನನ್ನ ಪರದೆಯ ಒಂದು ಚುಕ್ಕಿ ಹತ್ತನೇ ಒಂದು ಭಾಗ. ಅಂದರೆ ಆರೋಗ್ಯವಂತ ಕಣ್ಣಿಗೂ ಕಾಣಿಸದಷ್ಟು ಸಣ್ಣದನ್ನು ನಾನು, ಓದುವ ಕನ್ನಡಕ ಹುಡುಕುತ್ತಾ ಮನೆಯೆಲ್ಲ ತಿರುಗುವವನು, ಕೊಂಡು ತಂದಿದ್ದೇನೆ.

ಸಂತೋಷ ಆಗಲಿಲ್ಲ ಅಂತಲ್ಲ. ಕನ್ನಡ ತೆರೆದು ಓದಿದಾಗ ಆಯಿತು. ನಮ್ಮ ಅಕ್ಷರ ನೋಡಿ, ತಲೆ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಇದ್ದ ಎತ್ತರದಲ್ಲೇ ಮೂರು ಅಂತಸ್ತು ಕಟ್ಟಬೇಕು. ಚುಕ್ಕಿ ಕಡಿಮೆ ಇದ್ದರೆ ಮೊದಲು ಕುಸಿಯುವುದು ನೆಲಮಾಳಿಗೆ. ಹಳೇ ಪರದೆಯಲ್ಲಿ ‘ಶಾಸ್ತ್ರ’ದ ಅಡಿ ಇದ್ದದ್ದು ಒತ್ತಕ್ಷರವೋ ಮಸಿ ಚೆಲ್ಲಿದ್ದೋ ಗೊತ್ತಾಗುತ್ತಿರಲಿಲ್ಲ. ಠ ಅಕ್ಷರದ ಹೊಟ್ಟೆಯೊಳಗಿನ ಚುಕ್ಕಿಯಂತೂ ಒಮ್ಮೆ ಇರುತ್ತಿತ್ತು, ಒಮ್ಮೆ ಮಾಯ. ಚುಕ್ಕಿ ಹೋದರೆ ಠ ರ ಆಗುತ್ತದೆ. ಹಠ ಹರನಾಗುತ್ತದೆ. ಮಠ ಮರವಾಗುತ್ತದೆ. ಅರ್ಥ ನೋಡಿಕೊಂಡು ನಾವೇ ಮನಸ್ಸಿನಲ್ಲಿ ಚುಕ್ಕಿ ಇಟ್ಟು ಓದುತ್ತಿದ್ದೆವು. ಹೊಸ ಪರದೆಯಲ್ಲಿ ಆ ಚುಕ್ಕಿ ಗುಂಡಗೆ, ಕಪ್ಪಗೆ, ನಟ್ಟನಡುವೆ. ನೋಡಿ ತುಂಬಾ ಖುಷಿಪಟ್ಟೆ. ಆ ಚುಕ್ಕಿಯೇ ನನ್ನನ್ನು ಸತಾಯಿಸುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಐದನೇ ದಿನ ಒಂದು ಅರ್ಜಿ ಬರೆಯುತ್ತಿದ್ದೆ. ಮನೆ ಮುಂದೆ ಒಣಗಿ ನಿಂತ ಮರವೊಂದು ಯಾರ ತಲೆ ಮೇಲಾದರೂ ಬೀಳುವ ಮೊದಲು ಅದನ್ನು ತೆಗೆಸಿ ಅಂತ. ಬರೆದು ಮೇಲಿಂದ ಓದುತ್ತಾ ಬಂದರೆ ಎರಡನೇ ಸಾಲಿನಲ್ಲಿ ‘ಒಣಗಿದ ಮಠವು ಯಾವ ಗಳಿಗೆಯಲ್ಲಾದರೂ ಬೀಳುವಂತಿದೆ’ ಅಂತಿದೆ. ಕೈತಪ್ಪು ಅಂದುಕೊಂಡು ಅಳಿಸಿ ಮರ ಅಂತ ಹೊಡೆದೆ. ಮತ್ತೆ ಮಠ. ಇನ್ನೊಮ್ಮೆ ನಿಧಾನಕ್ಕೆ, ಒಂದೊಂದೇ ಕೀಲಿ ಒತ್ತಿ ಬರೆದೆ. ಮಠವೇ. ಫಾಂಟು ಕೆಟ್ಟಿತೇ? ಹೋಲಿಸಿ ನೋಡೋಣ ಅಂತ ಕೆಳಗಿನ ಸಾಲಿನಲ್ಲಿದ್ದ ಮರವನ್ನು ಬೇಕಂತಲೇ ತಿದ್ದಿ ಮಠ ಮಾಡಿದೆ. ಎರಡೂ ಮಠಗಳನ್ನು ದಿಟ್ಟಿಸಿದೆ. ಮೇಲಿನದರ ಚುಕ್ಕಿ ಒಂದಿಷ್ಟು ವಾರೆಯಾಗಿತ್ತು. ಪುಟವನ್ನು ಮೇಲಕ್ಕೆ ಸರಿಸಿದೆ. ಅಕ್ಷರಗಳೆಲ್ಲ ಸರಿದವು, ಚುಕ್ಕಿ ಅಲ್ಲೇ ನಿಂತಿತ್ತು.

ಎದೆ ಧಸಕ್ಕೆಂದಿತು. ಡೆಡ್ ಪಿಕ್ಸೆಲ್! ಐದು ದಿನಕ್ಕೇ!

ಈ ಸತ್ತ ಚುಕ್ಕಿಗಳಿಗೂ ನಿಯಮ ಇದೆ ಅಂತ ಗೊತ್ತಾದದ್ದು ಆಗಲೇ. 2001ರಲ್ಲಿ ಬಂದ ಐಎಸ್‌ಒ 13406-2 ಅನ್ನುವ ಮಾನದಂಡದ (2008ರಲ್ಲಿ ಅದರ ಜಾಗಕ್ಕೆ ಬೇರೆಯದು ಬಂತು) ಎರಡನೇ ದರ್ಜೆಯ ಪ್ರಕಾರ ಪ್ರತಿ ಹತ್ತು ಲಕ್ಷ ಪಿಕ್ಸೆಲಿಗೆ ಎರಡು ಸದಾ ಕಪ್ಪಗಿರಬಹುದಿತ್ತು, ಎರಡು ಸದಾ ಉರಿಯುತ್ತಿರಬಹುದಿತ್ತು. ಆ ಲೆಕ್ಕದಲ್ಲಿ ನನ್ನ ಪರದೆಯಲ್ಲಿ ಹತ್ತು ಚುಕ್ಕಿ ಸತ್ತಿದ್ದರೂ ಅದು ಸರಿಯಾದ ಪರದೆಯೇ. ಹತ್ತು ಕಡೆ ಹೊಲಿಗೆ ಬಿಟ್ಟ ಅಂಗಿ ಕೊಟ್ಟು ‘ಉಳಿದ ಹೊಲಿಗೆ ಎಷ್ಟಿದೆ ನೋಡಿ ಸ್ವಾಮಿ’ ಅಂದ ಹಾಗೆ. ಜಾಸ್ತಿ ಚುಕ್ಕಿ ಕೊಂಡವನಿಗೆ ಜಾಸ್ತಿ ಸಾವು.

ಆದರೂ ರಿಪೇರಿಯವರಿಗೆ ಫೋನ್ ಮಾಡಿದೆ. “ಸ್ಕ್ರೀನ್‌ಶಾಟ್ ಕಳ್ಸಿ ಸರ್” ಅಂದರು. ಕಳಿಸಿದೆ.

“ಇದರಲ್ಲಿ ಏನೂ ಇಲ್ವಲ್ಲ ಸರ್.”

ಇಲ್ಲ ನಿಜ. ಸ್ಕ್ರೀನ್‌ಶಾಟ್ ಅಂದರೆ ಪರದೆಯಲ್ಲಿ ಏನು ಇರಬೇಕೋ ಅದರ ಚಿತ್ರ. ಏನು ಇದೆಯೋ ಅದರದಲ್ಲ. ಇಷ್ಟು ತಿಳಿಯಲು ನನಗೆ ಅರ್ಧ ಗಂಟೆ ಹಿಡಿಯಿತು, ಅವರಿಗೂ ಅಷ್ಟೇ ಹಿಡಿಯಿತು ಅನ್ನುವುದು ಒಂದು ಸಮಾಧಾನ. ಆಮೇಲೆ ಮೊಬೈಲಿನಿಂದ ಫೋಟೋ ತೆಗೆದು ಕಳಿಸಿದೆ. ಮಸುಕಾಗಿದೆ, ಇನ್ನೊಂದು ಕಳಿಸಿ ಅಂದರು. ಇನ್ನೊಂದು ಕಳಿಸಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

“ಸರ್, ಮೊದಲನೇ ಫೋಟೋದಲ್ಲಿ ಮಧ್ಯೆ ಇದೆ. ಎರಡನೇದರಲ್ಲಿ ಬಲಗಡೆ ಇದೆ.”

“ಹೌದಾ?”

“ಡೆಡ್ ಪಿಕ್ಸೆಲ್ ಓಡಾಡಲ್ಲ ಸರ್.”

ಭೂತಗನ್ನಡಿ ಹಿಡಿದು ನೋಡಿದೆ. ಚುಕ್ಕಿಗೆ ಕಾಲಿದ್ದವು. ಒಂದು ಮಿಲಿಮೀಟರ್ ಉದ್ದದ ಹುಳ. ಬಹುಶಃ ಥ್ರಿಪ್ಸ್ ಅನ್ನುವ ನುಸಿ. ಹೆಸರಿನ ಮೊದಲ ಅಕ್ಷರದಲ್ಲೇ ಚುಕ್ಕಿ ಇಟ್ಟುಕೊಂಡ ಜಾತಿ. ಪರದೆಯ ಹಿಂದಿನ ಬೆಳಕಿಗೆ ಮರುಳಾಗಿ ಅಂಚಿನ ಸಂದಿಯಿಂದ ಒಳಗೆ ಹೊಕ್ಕು, ಹಾಳೆಗಳ ನಡುವೆ ವಾಯುವಿಹಾರ ಮಾಡುತ್ತಿದೆ. ನನ್ನ ಪರದೆಯ ಹತ್ತು ಚುಕ್ಕಿ ಸೇರಿಸಿದರೆ ಅದರ ಒಂದು ಮೈ. ಅಷ್ಟರಲ್ಲೇ ಅದಕ್ಕೆ ಆರು ಕಾಲು, ಎರಡು ಮೀಸೆ, ತನ್ನದೇ ಒಂದು ನಡಿಗೆ. ಹತ್ತು ಚುಕ್ಕಿಯಲ್ಲಿ ಇಷ್ಟೆಲ್ಲ ತೋರಿಸು ಅಂದರೆ ನನ್ನ ಪರದೆಗೆ ಜನ್ಮದಲ್ಲಿ ಆಗುವುದಿಲ್ಲ. ಮನೆಯಲ್ಲಿದ್ದ ನಿಜವಾದ ಹೈ ರೆಸಲ್ಯೂಷನ್ ವಸ್ತು ಅದೊಂದೇ.

ಹೆಬ್ಬೆರಳು ಎತ್ತಿದ್ದೆ. ಅಷ್ಟರಲ್ಲಿ ಅಕ್ಕನ ಮಗನಿಗೆ ಕೇಳೋಣ ಅನ್ನಿಸಿ ಫೋನ್ ಮಾಡಿದೆ.

“ಒತ್ತಬೇಡಿ ಮಾಮ! ಒತ್ತಿದ್ರೆ ಅಲ್ಲೇ ಸಾಯುತ್ತೆ. ಆಮೇಲೆ ಶಾಶ್ವತವಾಗಿ ಅಲ್ಲೇ.”

ನಿಜವಂತೆ. ಹಾಳೆಗಳ ನಡುವೆ ಸತ್ತ ಹುಳವನ್ನು ತೆಗೆಯಬೇಕೆಂದರೆ ಪರದೆ ಬಿಚ್ಚಬೇಕು. ಅದಕ್ಕೆ ಉಪಾಯ ಒಂದೇ. ಲ್ಯಾಪ್‌ಟಾಪ್ ಆರಿಸಿ, ಕೋಣೆ ಕತ್ತಲು ಮಾಡಿ, ಪರದೆಯ ಅಂಚಿನಲ್ಲಿ ಒಂದು ದೀಪ ಇಟ್ಟು ಕಾಯುವುದು. ಬೆಳಕಿನ ಆಸೆಗೆ ಬಂದದ್ದು ಬೆಳಕಿನ ಆಸೆಗೇ ಹೋಗುತ್ತದೆ.

ಕಾದೆ. ರಾತ್ರಿ ಹತ್ತಕ್ಕೆ ಕೂತವನು ಹನ್ನೆರಡಾದರೂ ಎದ್ದಿರಲಿಲ್ಲ. ಕತ್ತಲೆಯಲ್ಲಿ ಬೇರೇನೂ ಕೆಲಸ ಇಲ್ಲದೆ ಸಿಟ್ಟನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದೆ. ಹತ್ತು ವರ್ಷದಿಂದ ಬಳಸಿದ ಲೆಕ್ಕಪತ್ರದ ತಂತ್ರಾಂಶ ಇದರಲ್ಲಿ ಒದ್ದೆ ಕಾಗದದ ಮೇಲೆ ಬರೆದ ಹಾಗೆ ಕಾಣುತ್ತದೆ, ಯಾಕೆಂದರೆ ಅದನ್ನು ಮಾಡಿದವರಿಗೆ ಇಷ್ಟು ಚುಕ್ಕಿ ಬರುತ್ತದೆ ಅಂತ ಗೊತ್ತಿರಲಿಲ್ಲ, ವಿಂಡೋಸ್ ಅದರ ಚಿತ್ರವನ್ನು ಹಿಡಿದು ಜಗ್ಗಿ ಹಿಗ್ಗಿಸುತ್ತದೆ. ಚುಕ್ಕಿ ದಟ್ಟವಾದಷ್ಟೂ ಅವುಗಳ ನಡುವೆ ಬೆಳಕು ತೂರಲು ಕಿಂಡಿ ಸಣ್ಣದು, ಅದಕ್ಕೆ ಹಿಂದಿನ ದೀಪ ಜಾಸ್ತಿ ಉರಿಯಬೇಕು, ಅದಕ್ಕೆ ಬ್ಯಾಟರಿ ಬೇಗ ಖಾಲಿ. ನನ್ನ ಹಳೇ ಫೋಟೋಗಳು 640×480ರವು. ಅವನ್ನು ಇದರಲ್ಲಿ ಚುಕ್ಕಿಗೆ ಚುಕ್ಕಿ ತೋರಿಸಿದರೆ ಅಂಗೈಯಗಲವೂ ಇಲ್ಲ. ಹಿಗ್ಗಿಸಿದರೆ ಯಾರು ಯಾರು ಅಂತಲೇ ಗೊತ್ತಾಗುವುದಿಲ್ಲ. ಹಳೇ ಪರದೆಯಲ್ಲಿ ಅವರೆಲ್ಲ ಸ್ಪಷ್ಟವಾಗಿದ್ದರು. ಯಾರದ್ದು ತಪ್ಪು? ಮತ್ತೆ ವಿಡಿಯೋ ಕರೆಯಲ್ಲಿ ನನ್ನ ಮುಖ. ಅದರ ಬಗ್ಗೆ ಮಾತಾಡುವುದಿಲ್ಲ. ಇಷ್ಟು ಸ್ಪಷ್ಟತೆ ನಾನು ಯಾರ ಹತ್ತಿರ ಕೇಳಿದ್ದೆ? ಆ ಹತ್ತೊಂಬತ್ತರ ಹುಡುಗ ಈಗ ಹಾಯಾಗಿ ಮಲಗಿದ್ದಾನೆ, ನಾನು ಒಂದು ನುಸಿಗೆ ದಾರಿ ತೋರಿಸುತ್ತಾ ಕೂತಿದ್ದೇನೆ.

ಬೆಳಿಗ್ಗೆ ನೋಡಿದರೆ ಚುಕ್ಕಿ ಇರಲಿಲ್ಲ. ಹೊರಗೆ ಹೋಯಿತೋ ಇನ್ನೂ ಒಳಗೆ ಸರಿಯಿತೋ ಹೇಳುವವರಿಲ್ಲ. ವಿಚಿತ್ರ ಅಂದರೆ ಒಂದಿಷ್ಟು ಬೇಜಾರೇ ಆಯಿತು. ಪರದೆಯ ಮೇಲೆ ನಾನು ಬರೆಯದೆಯೂ ನಡೆಯುತ್ತಿದ್ದ ಒಂದೇ ಒಂದು ಸಂಗತಿ ಅದು. ಅರ್ಜಿ ತೆಗೆದು ಕೊನೇ ಸಲ ಕಣ್ಣಾಡಿಸಿದೆ. ಎರಡನೇ ಸಾಲಿನಲ್ಲಿ ಮರ ಮರವೇ ಆಗಿತ್ತು. ಕೆಳಗಿನ ಸಾಲಿನಲ್ಲಿ ಮಾತ್ರ ಚುಕ್ಕಿ ಕಂಡಿತು. ಓ, ಇಲ್ಲಿಗೆ ಬಂದು ಕೂತಿದ್ದೀಯಾ ಅಂದುಕೊಂಡೆ. ಪಾಪ, ಸುಸ್ತಾಗಿರಬೇಕು. ಅದರ ಪಾಡಿಗೆ ಅದನ್ನು ಬಿಟ್ಟು ಅರ್ಜಿ ಕಳಿಸಿದೆ.

ನಿನ್ನೆ ಕಚೇರಿಯಿಂದ ಫೋನ್ ಬಂತು.

“ಸದರಿ ಮಠ ಅಂದ್ರೆ ಯಾವುದು ಸರ್?”

“ಮಠ ಅಲ್ಲ, ಮರ.”

“ಇಲ್ಲಿ ಮಠ ಅಂತಾನೇ ಇದೆ ಸರ್. ‘ಸದರಿ ಮಠವನ್ನು ಬುಡಸಮೇತ ತೆಗೆಸಿಕೊಡಬೇಕು.’ ಮಠ ತೆಗೆಯೋದು ನಮ್ಮ ವಿಭಾಗಕ್ಕೆ ಬರಲ್ಲ.”

“ಅಯ್ಯೋ, ಅದು… ಹುಳ” ಅಂದೆ.

ಆ ಕಡೆ ಪೆನ್ನು ತೆಗೆದ ಸದ್ದಾಯಿತು. “ಹುಳ… ಹಿಡಿದಿದೆ” ಅಂತ ಅವರು ನಿಧಾನಕ್ಕೆ ಬರೆದುಕೊಳ್ಳುತ್ತಿದ್ದರು.