ಎಳೆದು ನೋಡುವ ಕೋಶ

ಮೊನ್ನೆ ಸೋದರಮಾವನ ಲಿವರ್ ಸ್ಕ್ಯಾನ್ ರಿಪೋರ್ಟ್ ಬಂತು: 9.2 ಕಿಲೋಪಾಸ್ಕಲ್. "ಏನೋ ಇದು, ಲಿವರ್‌ಗೂ ಟೈರಿನ ಥರ ಪ್ರೆಶರ್ ನೋಡ್ತಾರಾ?" ಅಂದರು. ಪ್ರೆಶರ್ ಅಲ್ಲ ಮಾವ, ಗಟ್ಟಿತನ. ಚೆನ್ನಾಗಿರೋ ಲಿವರ್ ಸಾಮಾನ್ಯವಾಗಿ 6-7ರೊಳಗೆ ಇರುತ್ತೆ, ನಿಮ್ಮದು ಸ್ವಲ್ಪ ಬಿಗಿದಿದೆ ಅಂದೆ.

ಆ ಬಿಗಿತ ಲಿವರ್ ಒಳಗಿನ ಕೋಶಗಳಿಗೂ ಗೊತ್ತಾಗುತ್ತೆ. ಕಣ್ಣಿಲ್ಲ, ಕೈಯಿಲ್ಲ, ಹೇಗೆ? ದನ ಕಟ್ಟೋಕೆ ಗೂಟ ಹೊಡೆದವರಿಗೆ ಬೇಗ ಅರ್ಥವಾಗುತ್ತೆ. ಕೆಸರಲ್ಲಿ ನೆಟ್ಟ ಗೂಟವನ್ನ ಜಗ್ಗಿದರೆ ಗೂಟವೇ ವಾಲುತ್ತೆ, ಹಗ್ಗ ಸಡಿಲ. ಗಟ್ಟಿ ನೆಲದಲ್ಲಿ ಗೂಟ ಅಲುಗಲ್ಲ, ಹಗ್ಗ ತಂತಿಯ ಹಾಗೆ ಬಿಗಿಯುತ್ತೆ. ಕೋಶದ ಗೂಟ ಇಂಟಿಗ್ರಿನ್, ಅದು ಹೊರಗಿನ ಕೊಲಾಜನ್ ನಾರನ್ನ ಹಿಡಿದಿರುತ್ತೆ. ಹಗ್ಗ ಆಕ್ಟಿನ್, ಜಗ್ಗೋದು ಮಯೋಸಿನ್, ಎಲ್ಲಾ ಪ್ರೋಟೀನುಗಳೇ. ನಡುವೆ ಟ್ಯಾಲಿನ್ ಅನ್ನೋ ಗಂಟು. ನೆಲ ಗಟ್ಟಿಯಿದ್ದರೆ ಆ ಗಂಟು ಬಿಚ್ಚಿಕೊಳ್ಳುತ್ತೆ, ಒಳಗೆ ಅಡಗಿದ್ದ ಜಾಗಕ್ಕೆ ವಿಂಕ್ಯುಲಿನ್ ಅನ್ನೋ ಇನ್ನೊಂದು ಪ್ರೋಟೀನು ಬಂದು ಕೂತು ಹಿಡಿತ ಬಲವಾಗುತ್ತೆ. ಸುದ್ದಿ ನ್ಯೂಕ್ಲಿಯಸ್‌ಗೂ ಮುಟ್ಟುತ್ತೆ. ಯಾಪ್ ಅನ್ನೋ ಪ್ರೋಟೀನು ಅಲ್ಲಿಗೆ ಹೋಗಿ ಜೀನುಗಳನ್ನ ಎಬ್ಬಿಸುತ್ತೆ ಅಂತ 2011ರಲ್ಲಿ ಇಟಲಿಯ ಪಡುವಾದ ಪಿಕೊಲೊ ತಂಡ ತೋರಿಸಿತು.

ಅದಕ್ಕೂ ಮೊದಲು, 2006ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಗ್ಲರ್, ಡಿಷರ್ ಮತ್ತಿತರರು (ಈಗ ಐಐಟಿ ಬಾಂಬೆಯಲ್ಲಿರೋ ಶಮಿಕ್ ಸೇನ್ ಕೂಡ ಇದ್ದರು) ಮೂಳೆಮಜ್ಜೆಯ ಕಾಂಡಕೋಶಗಳನ್ನ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲವು) ಬೇರೆ ಬೇರೆ ಗಟ್ಟಿತನದ ಜೆಲ್ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿದ್ದ ಕಡೆ ನರಕೋಶದ ಲಕ್ಷಣ, ಸುಮಾರು 11 ಕಿಲೋಪಾಸ್ಕಲ್‌ನಲ್ಲಿ ಸ್ನಾಯುವಿನದು, 34ರಲ್ಲಿ ಮೂಳೆಯದು. ಕುಡಿಸಿದ ಮೀಡಿಯಂ, ಅಂದರೆ ಕೋಶ ಬೆಳೆಸೋ ಪೋಷಕ ದ್ರವ, ಒಂದೇ. "ನೆಲ ಮೆತ್ತಗಿದ್ದರೆ ಸಾಕು, ಕೋಶ ನರವಾಗುತ್ತೆ" ಅಂತ ಕೆಲವರು ಹೇಳ್ತಾರೆ, ಅದು ಅತಿಯಾಯ್ತು. ಕಂಡದ್ದು ನರಕೋಶದ ಗುರುತುಗಳಷ್ಟೇ, ಪೂರ್ತಿ ನರಕೋಶವಲ್ಲ.

ನನ್ನ ತಕರಾರು ಇಷ್ಟೇ: ನಮಗೆ ಎಂಎಸ್ಸಿಯಲ್ಲಿ ಯಾರೂ ಇದನ್ನ ಹೇಳಲಿಲ್ಲ. ಹಾರ್ಮೋನು, ರಿಸೆಪ್ಟರು, ಸಿಗ್ನಲ್ಲು, ಎಲ್ಲಾ ಕೆಮಿಸ್ಟ್ರಿಯೇ. ಪ್ರಾಜೆಕ್ಟ್‌ನಲ್ಲಿ ಇಲಿಯ ಲಿವರ್‌ನಿಂದ ಸ್ಟೆಲೇಟ್ ಕೋಶ (ಲಿವರ್‌ನಲ್ಲಿ ವಿಟಮಿನ್ ಎ ಕೂಡಿಡೋ ಕೋಶ) ತೆಗೆದು ಪ್ಲಾಸ್ಟಿಕ್ ಪ್ಲೇಟಿಗೆ ಹಾಕಿದ್ದೆ. ಮೊದಲ ದಿನ ಒಳಗೆಲ್ಲ ವಿಟಮಿನ್ ಎ ತುಂಬಿದ ಮುದ್ದಾದ ಎಣ್ಣೆಹನಿಗಳು. ವಾರ ಕಳೆಯೋದರೊಳಗೆ ಹನಿ ಮಾಯ, ಕೋಶ ರೊಟ್ಟಿ ತಟ್ಟಿದ ಹಾಗೆ ಅಗಲವಾಗಿ ಕೊಲಾಜನ್ ಸುರಿಸೋಕೆ ಶುರು. ನಾನೇ ಏನೋ ಕೆಡಿಸಿದೆ ಅಂತ ಮೂರು ಸಲ ಮೀಡಿಯಂ ಬದಲಿಸಿದೆ. ಆ ಪ್ಲಾಸ್ಟಿಕ್ ಲಿವರ್‌ಗಿಂತ ಲಕ್ಷಗಟ್ಟಲೆ ಪಟ್ಟು ಗಟ್ಟಿ ಅನ್ನೋದು ತಲೆಗೇ ಹೊಳೆಯಲಿಲ್ಲ.

ಮಾವನ ಲಿವರ್‌ನಲ್ಲೂ ಅದೇ ಕೋಶಗಳು. ನೆಲ ಗಟ್ಟಿಯಾದರೆ ಕೊಲಾಜನ್ ಸುರಿಸುತ್ತವೆ, ಸುರಿಸಿದಷ್ಟೂ ನೆಲ ಗಟ್ಟಿ. "ಹಾಗಾದ್ರೆ ಮತ್ತೆ ಮೆತ್ತಗಾಗಲ್ವಾ?" ಅಂದರು. ಕಾರಣ ನಿಂತರೆ ಎಷ್ಟೋ ಜನರಿಗೆ ಆಗುತ್ತೆ ಮಾವ, ಲಿವರ್ ಅಷ್ಟು ಹಟಮಾರಿಯಲ್ಲ ಅಂದೆ. ಅತ್ತೆ ಆಗಲೇ ಒಳಗಿನಿಂದ, "ಕೇಳಿಸ್ತಾ? ಇವತ್ತಿಂದ ಸಂಜೆ ಪಾರ್ಟಿ ಬಂದ್" ಅಂದರು.