ಬಸವನಹುಳು ಬಿಟ್ಟರೆ ನೀರು ಬದಲಿಸೋದೇ ಬೇಡವೇ?

‘ಗ್ಯಾಲನ್‌ಗೆ ಒಂದು ಬಸವನಹುಳು, ಒಂದು ಹರ್ಮಿಟ್ ಏಡಿ (ಖಾಲಿ ಚಿಪ್ಪಿನೊಳಗೆ ವಾಸಿಸುವ ಏಡಿ) ಬಿಡಿ. ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್ ತಾನೇ ಕ್ಲೀನ್ ಆಗುತ್ತದೆ, ನೀರು ಬದಲಿಸೋದೂ ಬೇಡ’ ಅನ್ನೋದು ಫಾರ್ವರ್ಡ್.

ಸತ್ಯಾಂಶ ಬೇರೆ. ಹುಳು ಪಾಚಿ ತಿನ್ನುತ್ತದೆ, ನಿಜ. ತಿಂದದ್ದು ಹಿಕ್ಕೆಯಾಗಿ ಅದೇ ನೀರಿಗೆ ಬೀಳುತ್ತದೆ, ಅಲ್ವಾ? ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಅಲ್ಲೇ ಉಳಿಯುತ್ತವೆ. ಹಾಗಾಗಿ ನೀರು ಬದಲಿಸೋದು ತಪ್ಪುವುದಿಲ್ಲ. ಹೊಸ ಟ್ಯಾಂಕಿನಲ್ಲಂತೂ ಪಾಚಿಯೇ ಕಡಿಮೆ. ಜಾಸ್ತಿ ಬಿಟ್ಟರೆ ಹಸಿದು ಸಾಯುತ್ತವೆ, ಕೊಳೆತು ನೀರಲ್ಲಿ ವಿಷಕಾರಿ ಅಮೋನಿಯಾ ಏರುತ್ತದೆ.

ಸುಮ್ನೆ ಲೆಕ್ಕ ಹಾಕಬೇಡಿ, ಕೆಲಸ ನೋಡಿ ಆರಿಸಿ. ಗಾಜಿನ ಪಾಚಿಗೆ ನನ್ನ ಆಯ್ಕೆ ಟ್ರೋಕಸ್ ಜಾತಿಯ ಬಸವನಹುಳು. ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ. ಆಸ್ಟ್ರೇಯಾ (Astraea) ಎಂಬ ಇನ್ನೊಂದು ಬಸವನಹುಳುವಿಗೆ ಅದು ಕಷ್ಟ. ನಸ್ಸೇರಿಯಸ್ ಬಸವನಹುಳು ಪಾಚಿ ತೆಗೆಯೋಕೆ ಪ್ರಯೋಜನವಿಲ್ಲ. ಅದು ಮರಳಲ್ಲಿ ಹುದುಗಿದ್ದು, ಮೀನು ಬಿಟ್ಟ ಆಹಾರದ ವಾಸನೆಗೆ ಮೇಲೇಳುತ್ತದೆ. ಹರ್ಮಿಟ್ ಏಡಿ ಚಿಪ್ಪಿನಾಸೆಗೆ ಬಸವನಹುಳುವನ್ನೇ ಕೊಲ್ಲುವುದುಂಟು. ಬೇಕೇ ಬೇಕೆಂದರೆ ಖಾಲಿ ಚಿಪ್ಪು ನಾಲ್ಕಾರು ಹಾಕಿಡಿ.